ಕಂಪವಾತದ ಸಂಶೋಧನೆಯೂ ರೋಗಿಯ ಠೇವಣಿಯೂ

೧

೧೮೧೭ನೆಯ ಇಸವಿಯಲ್ಲಿ ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್‌ಸನ್ ನಡುಕದ ಬೇನೆಯೊಂದನ್ನು ಕುರಿತು ಚಿಕ್ಕದೊಂದು ಪ್ರಬಂಧವನ್ನು ಪ್ರಕಟಿಸಿದನು. ಇಂದು ಅವನ ಹೆಸರನ್ನೇ ಹೊತ್ತಿರುವ ರೋಗದ ಮೊದಲ ವ್ಯವಸ್ಥಿತ ವರ್ಣನೆ ಅದು. ಆ ಪ್ರಬಂಧಕ್ಕೆ ಆಧಾರವಾದ ರೋಗಿಗಳು ಆರೇ ಮಂದಿ. ಅವರೆಲ್ಲರೂ ಅವನಲ್ಲಿಗೆ ಚಿಕಿತ್ಸೆಗಾಗಿ ಬಂದವರೂ ಅಲ್ಲ. ಕೆಲವರನ್ನು ಅವನು ಬೀದಿಯಲ್ಲಿ ಕಂಡನು. ಒಬ್ಬನನ್ನಂತೂ ದೂರದಿಂದ ನೋಡಿದ್ದಷ್ಟೆ. ಅವರ ನಡಿಗೆ, ಬಾಗಿದ ಮೈ, ನಡುಗುವ ಕೈ, ಇವುಗಳಿಂದ ವೈದ್ಯಶಾಸ್ತ್ರಕ್ಕೆ ಶಾಶ್ವತವಾದ ಒಂದು ಲಾಭವುಂಟಾಯಿತು. ಆದರೆ ದೂರದಿಂದ ನೋಡಲ್ಪಟ್ಟ ಆ ಮನುಷ್ಯನಿಗೆ ತಾನು ಒಂದು ಶಾಸ್ತ್ರಗ್ರಂಥದ ವಸ್ತುವಾದೆನೆಂಬ ಸಂಗತಿಯೇ ತಿಳಿದಿರಲಾರದು.

ಆ ಕಾಲಕ್ಕೆ ಇದು ಯಾರಿಗೂ ತಪ್ಪಾಗಿ ತೋರಿರಲಿಕ್ಕಿಲ್ಲ. ಇಂದು ಪ್ರಶ್ನೆಯ ಸ್ವರೂಪ ಬೇರೆಯಾಗಿದೆ. ರೋಗಿಯ ನಡಿಗೆ, ಧ್ವನಿ, ಕೈಬರಹ, ನಿದ್ರೆ, ರಕ್ತ, ವಂಶವಾಹಿ ಇವೆಲ್ಲವೂ ಇಂದು ಅಂಕಿಗಳಾಗಿ ಮಾರ್ಪಟ್ಟು ದೇಶದಿಂದ ದೇಶಕ್ಕೆ ಕ್ಷಣಮಾತ್ರದಲ್ಲಿ ಸಾಗಬಲ್ಲವು. ಹೀಗೆ ಸಂಗ್ರಹವಾದ ಆರೋಗ್ಯವಿವರಗಳಿಗೆ ದತ್ತಾಂಶವೆಂದು ಹೆಸರು. ಈ ದತ್ತಾಂಶವು ಯಾರದು? ಅದನ್ನು ಕೊಡುವ ರೋಗಿಗೆ ಸಂಶೋಧನೆಯಲ್ಲಿ ಯಾವ ಸ್ಥಾನವಿದೆ? ಕನ್ನಡನಾಡನ್ನು ಬಿಟ್ಟು ಬಂದು ಯಮುನೆಯ ಪೂರ್ವದಂಡೆಯ ಮಯೂರ್ ವಿಹಾರದಂತಹ ಬಡಾವಣೆಗಳಲ್ಲಿ ನೆಲೆಸಿರುವ ನಮಗೂ, ಮುಪ್ಪಿನಲ್ಲಿ ನಮ್ಮೊಡನಿರಲು ಊರಿನಿಂದ ಬಂದ ನಮ್ಮ ತಂದೆತಾಯಿಗಳಿಗೂ ಈ ಪ್ರಶ್ನೆ ಹೇಗೆ ಸಂಬಂಧಿಸುತ್ತದೆ? ಇವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಪರರ ಸ್ವತ್ತನ್ನು ಕಾಪಾಡುವ ವೃತ್ತಿಯಲ್ಲಿರುವವನಿಗೆ ಸಹಜವಾಗಿ ಹೊಳೆಯುವ ಒಂದು ದೃಷ್ಟಿಯಿಂದ ಇದನ್ನು ನೋಡಲು ಯತ್ನಿಸಿದ್ದೇನೆ.

೨

ಮೊದಲು ರೋಗದ ಪರಿಚಯ ಅಗತ್ಯ. ನಮ್ಮ ವೈದ್ಯಪರಂಪರೆ ಇದನ್ನು ಹೋಲುವ ಬೇನೆಯನ್ನು ಕಂಪವಾತವೆಂದು ಕರೆಯಿತು. ಮಿದುಳಿನ ಬುಡಭಾಗದಲ್ಲಿ ಕಪ್ಪು ಬಣ್ಣದ ಒಂದು ಚಿಕ್ಕ ಪ್ರದೇಶವಿದೆ. ಅಲ್ಲಿನ ಜೀವಕೋಶಗಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಚಲನೆ ಸರಾಗವಾಗಿ ನಡೆಯಲು ಇದು ಬೇಕೇಬೇಕು. ಕಾರಣ ಪೂರ್ತಿಯಾಗಿ ತಿಳಿಯದ ರೀತಿಯಲ್ಲಿ ಈ ಕೋಶಗಳು ಒಂದೊಂದಾಗಿ ನಶಿಸುತ್ತ ಹೋದಾಗ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ಬಿಡುವಿನಲ್ಲಿರುವ ಕೈ ನಡುಗುತ್ತದೆ, ದನಿ ತಗ್ಗುತ್ತದೆ, ಅಕ್ಷರ ಕಿರಿದಾಗುತ್ತದೆ. ನಡುಕ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಮೊದಲಾದ ಸೂಚನೆಗಳು ತೋರುವುದುಂಟು. ೨೦೧೯ರಲ್ಲಿ ಜಗತ್ತಿನಲ್ಲಿ ಈ ರೋಗವುಳ್ಳವರು ೮೫ ಲಕ್ಷಕ್ಕೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಈ ರೋಗದ ಚಿಕಿತ್ಸೆಯ ಚರಿತ್ರೆಯೇ ರೋಗಿಗಳ ಕೊಡುಗೆಯ ಚರಿತ್ರೆಯಾಗಿದೆ. ೧೯೬೦ರಲ್ಲಿ ವಿಯೆನ್ನಾ ನಗರದ ಹಾರ್ನಿಕೀವಿಚ್ ಮತ್ತು ಅವನ ಸಹೋದ್ಯೋಗಿಯು ಮೃತ ರೋಗಿಗಳ ಮಿದುಳುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಡೋಪಮೀನ್ ತೀರ ಕಡಿಮೆಯಾಗಿರುವುದನ್ನು ತೋರಿಸಿದರು. ಆ ಮಿದುಳುಗಳಿಲ್ಲದಿದ್ದರೆ ಲೆವೊಡೋಪಾ ಔಷಧ ೧೯೬೧ರಲ್ಲಿ ರೋಗಿಗಳ ಮೇಲೆ ಪ್ರಯೋಗವಾಗುತ್ತಿರಲಿಲ್ಲ. ಇದೇ ಲೆವೊಡೋಪಾವನ್ನು ೧೯೩೭ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಿಂದ ಬೇರ್ಪಡಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ಈ ರೋಗದ ವಿಶೇಷವೊಂದನ್ನು ವಾಚಕರು ಗಮನಿಸಬೇಕು. ಸಕ್ಕರೆ ಕಾಯಿಲೆಯನ್ನು ರಕ್ತದ ಒಂದು ಹನಿಯಿಂದ ತಿಳಿಯಬಹುದು. ಕಂಪವಾತವನ್ನು ಹಾಗೆ ತಿಳಿಯಲಾಗದು. ವೈದ್ಯನು ರೋಗಿಯನ್ನು ನೋಡಿ, ಅವನ ಮಾತನ್ನು ಕೇಳಿಯೇ ನಿರ್ಧರಿಸಬೇಕು. ಬೆನ್ನುಹುರಿಯ ದ್ರವದಲ್ಲಿ ಈ ರೋಗದ ಗುರುತಾದ ಪ್ರೋಟೀನನ್ನು ಪತ್ತೆಹಚ್ಚುವ ಪರೀಕ್ಷೆಯೊಂದರ ಫಲಿತಾಂಶ ೨೦೨೩ರಲ್ಲಿ ಪ್ರಕಟವಾಯಿತು. ಅದು ಸಾಧ್ಯವಾದದ್ದಾದರೂ ೧,೧೨೩ ಮಂದಿ ತಮ್ಮ ಬೆನ್ನಿಗೆ ಸೂಜಿ ಚುಚ್ಚಿಸಿಕೊಳ್ಳಲು ಒಪ್ಪಿದ್ದರಿಂದಲೇ. ಆದರೂ ನಿತ್ಯದ ಚಿಕಿತ್ಸೆಯಲ್ಲಿ ಇಂದಿಗೂ ಮುಖ್ಯ ಸಾಧನ ರೋಗಿಯ ದೇಹ ಮತ್ತು ರೋಗಿಯ ಮಾತು.

ಅದರಲ್ಲಿಯೂ ರೋಗ ಒಂದೇ ದಿನದೊಳಗೆ ಹಲವು ರೂಪಗಳನ್ನು ತಾಳುತ್ತದೆ. ಮಾತ್ರೆಯ ಪ್ರಭಾವವಿರುವಾಗ ನಡೆದಾಡುವವರು ಅದು ಇಳಿದೊಡನೆ ಕುರ್ಚಿಯಿಂದ ಏಳಲಾರರು. ವೈದ್ಯರು ಕಾಣುವುದು ತಿಂಗಳುಗಳಿಗೊಮ್ಮೆ ಹತ್ತು ನಿಮಿಷ ಮಾತ್ರ. ಉಳಿದ ಹೊತ್ತಿನ ಲೆಕ್ಕ ರೋಗಿಯ ಬಳಿ, ಅವರ ಮನೆಯವರ ಬಳಿ ಇರುತ್ತದೆ. ಆದುದರಿಂದಲೇ ಔಷಧಪ್ರಯೋಗಗಳಲ್ಲಿ ಅರ್ಧ ಗಂಟೆಗೊಮ್ಮೆ ತಮ್ಮ ಸ್ಥಿತಿಯನ್ನು ಗುರುತುಹಾಕುವ ದಿನಚರಿಯನ್ನು ರೋಗಿಗಳಿಂದಲೇ ಬರೆಯಿಸುತ್ತಾರೆ. ನಮ್ಮ ಖಾತೆಪುಸ್ತಕದಲ್ಲಿ ಜಮೆ ಖರ್ಚುಗಳಿರುವಂತೆ ಅದರಲ್ಲಿ ಚಲನೆ, ನಿಶ್ಚಲತೆಗಳ ನಮೂದು ಇರುತ್ತದೆ. ಆ ಪುಸ್ತಕವನ್ನು ಬರೆಯಬಲ್ಲವರು ರೋಗಿಯೊಬ್ಬರೇ.

೩

ಇನ್ನು ನಮ್ಮ ದೇಶದ ಸಂಗತಿ. ೧೯೮೮ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೊಂಬಾಯಿಯ ಪಾರ್ಸಿ ಸಮುದಾಯದ ೧೪,೦೧೦ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಲಾಯಿತು. ಅವರಲ್ಲಿ ಲಕ್ಷಕ್ಕೆ ೩೨೮ರಂತೆ ಕಂಪವಾತ ಕಂಡುಬಂದಿತು. ಬೆಂಗಳೂರು ನಗರ ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ ನಿಮ್ಹಾನ್ಸಿನ ಡಾ. ಎಂ. ಗೌರೀದೇವಿ ಮತ್ತು ಅವರ ಸಂಗಡಿಗರು ೧,೦೨,೫೫೭ ಜನರನ್ನು ಒಳಗೊಂಡ ಸಮೀಕ್ಷೆಯನ್ನು ನಡೆಸಿದರು. ೨೦೦೪ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಲಕ್ಷಕ್ಕೆ ೩೩ರಷ್ಟು ಮಂದಿಗೆ ಈ ರೋಗವಿತ್ತು. ಈ ಎರಡು ಸಂಖ್ಯೆಗಳ ಅಂತರವನ್ನು ಕಂಡು ಅವಸರದ ತೀರ್ಮಾನಕ್ಕೆ ಬರಬಾರದು. ಪಾರ್ಸಿಗಳಲ್ಲಿ ವೃದ್ಧರ ಪ್ರಮಾಣ ಹೆಚ್ಚು, ಕಂಪವಾತವೋ ಬಹುಮಟ್ಟಿಗೆ ವೃದ್ಧಾಪ್ಯದ ರೋಗ. ಆ ಬೆಂಗಳೂರು ಸಮೀಕ್ಷೆಯ ಇನ್ನೊಂದು ಫಲಿತಾಂಶವೂ ಮಹತ್ವದ್ದು: ನರರೋಗಗಳ ಒಟ್ಟು ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡರಷ್ಟಿದ್ದಿತು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತು ಎಣಿಸಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ಹಳ್ಳಿಯ ಜನ ಬಾಗಿಲು ತೆರೆದು, ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಕೊಟ್ಟುದರಿಂದ ತಿಳಿಯಿತು.

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ೧೯೯೫ರಿಂದ ಒಂದು ಮಿದುಳಿನ ಭಂಡಾರವಿದೆ. ಮೃತರ ಬಂಧುಗಳ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಅಲ್ಲಿ ಕಾಪಿಡುತ್ತಾರೆ. ಆ ಸಂಸ್ಥೆಯ ಡಾ. ಮುಠಾಣೆ, ಡಾ. ಯಶಾ, ಡಾ. ಎಸ್. ಕೆ. ಶಂಕರ್ ಇವರು ೧೯೯೮ರಲ್ಲಿ ಒಂದು ಕುತೂಹಲಕಾರಿ ಅಂಶವನ್ನು ಪ್ರಕಟಿಸಿದರು. ರೋಗವಿಲ್ಲದ ಭಾರತೀಯರ ಮಿದುಳುಗಳಲ್ಲಿ ಮೇಲೆ ಹೇಳಿದ ಕಪ್ಪು ಕೋಶಗಳ ಸಂಖ್ಯೆ ಬ್ರಿಟನ್ನಿನವರ ಮಿದುಳುಗಳಲ್ಲಿರುವುದಕ್ಕಿಂತ ಕಡಿಮೆ; ಆದರೆ ವಯಸ್ಸಾದಂತೆ ಅವು ನಶಿಸಿದ ಲಕ್ಷಣ ಕಾಣಲಿಲ್ಲ. ವಯಸ್ಸಾದಂತೆ ಈ ಕೋಶಗಳು ಕಡಿಮೆಯಾಗುವುದೇ ಸಹಜವೆಂಬ, ಪಾಶ್ಚಾತ್ಯ ಮಿದುಳುಗಳಿಂದ ಹುಟ್ಟಿದ ಅಭಿಪ್ರಾಯವನ್ನು ನಮ್ಮ ದೇಶದ ಶೋಕತಪ್ತ ಕುಟುಂಬಗಳ ದಾನವು ಪ್ರಶ್ನಿಸುವಂತೆ ಮಾಡಿತು.

ವಂಶವಾಹಿಗಳ ವಿಚಾರವೂ ಹೀಗೆಯೇ. ಒಂದು ವಂಶವಾಹಿಯ ವ್ಯತ್ಯಾಸವು ಉತ್ತರ ಆಫ್ರಿಕದ ಅರಬ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗಿರುತ್ತದೆ. ದೆಹಲಿ ಮತ್ತು ಬೆಂಗಳೂರಿನ ಸಂಶೋಧಕರು ಕೂಡಿ ಭಾರತೀಯ ರೋಗಿಗಳಲ್ಲಿ ಅದನ್ನು ಹುಡುಕಿ, ಇಲ್ಲಿ ಅದು ಅತಿ ವಿರಳವೆಂದು ೨೦೦೬ರಲ್ಲಿ ತಿಳಿಸಿದರು. ಅಂದರೆ ಆ ವ್ಯತ್ಯಾಸವನ್ನು ಗುರಿಯಾಗಿಟ್ಟು ತಯಾರಾಗುವ ಔಷಧದಿಂದ ನಮ್ಮವರಿಗೆ ಆಗುವ ಪ್ರಯೋಜನ ಅಲ್ಪ. ಪ್ರತಿಯಾಗಿ, ೨೦೨೩ರಲ್ಲಿ ನೈಜೀರಿಯದ ಮತ್ತು ಆಫ್ರಿಕನ್ ಮೂಲದ ಅಮೆರಿಕನ್ನರ ದತ್ತಾಂಶವನ್ನು ಪರಿಶೀಲಿಸಿದಾಗ, ಯುರೋಪಿನವರಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲವೆನ್ನಬಹುದಾದ ಹೊಸದೊಂದು ವಂಶವಾಹಿ ವ್ಯತ್ಯಾಸ ಬೆಳಕಿಗೆ ಬಂದಿತು. ಅದು ಆ ಜನರಲ್ಲಿ ಹಿಂದಿನಿಂದಲೂ ಇದ್ದದ್ದೇ, ಕೇಳಿದವರಿರಲಿಲ್ಲ. ಭಾರತದ ಇಪ್ಪತ್ತರಷ್ಟು ಕೇಂದ್ರಗಳಲ್ಲಿ ಹತ್ತು ಸಾವಿರ ರೋಗಿಗಳನ್ನೂ ಅಷ್ಟೇ ಮಂದಿ ಆರೋಗ್ಯವಂತರನ್ನೂ ಒಳಗೊಳ್ಳುವ ಯೋಜನೆಯೊಂದರ ರೂಪುರೇಷೆ ೨೦೨೦ರಲ್ಲಿ ಪ್ರಕಟವಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರು ೨೦೧೮ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ದೀರ್ಘಕಾಲದ ಅಧ್ಯಯನದಲ್ಲಿ ಪಾಲ್ಗೊಂಡಿದ್ದಾರೆ. ಅದರ ವಿಷಯ ಕಂಪವಾತವಲ್ಲ, ಮುಪ್ಪು ಮತ್ತು ಮರೆವು. ಆದರೂ ಕನ್ನಡ ತೆಲುಗುಗಳೆರಡನ್ನೂ ಆಡುವ ರೈತಾಪಿ ಜನ ವರ್ಷವರ್ಷವೂ ಇಂತಹ ಕಾರ್ಯಕ್ಕೆ ಬರಬಲ್ಲರೆಂಬುದಕ್ಕೆ ಅದು ನಿದರ್ಶನ.

ಇದರಿಂದ ಮೊದಲನೆಯ ಮಾತು ಸ್ಪಷ್ಟವಾಗುತ್ತದೆ. ಯಾರ ವಿವರ ಲೆಕ್ಕದಲ್ಲಿ ಇಲ್ಲವೋ ಅವರ ರೋಗ ಶಾಸ್ತ್ರದಲ್ಲಿ ಇಲ್ಲ. ಹಿಂಜರಿದು ದೂರ ಉಳಿದರೆ ನಷ್ಟ ನಮ್ಮದೇ.

೪

ಆದರೆ ರೋಗಿಯ ಪಾತ್ರ ರಕ್ತವನ್ನೂ ವಿವರಗಳನ್ನೂ ಕೊಡುವುದರಲ್ಲಿ ಮುಗಿಯುತ್ತದೆಯೆ? ಇಲ್ಲವೆನ್ನಲು ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ದಾದಿಯ ಪತಿಗೆ ಕಂಪವಾತವಿತ್ತು. ರೋಗ ಪತ್ತೆಯಾಗುವುದಕ್ಕೆ ಅನೇಕ ವರ್ಷ ಮುಂಚೆಯೇ ಪತಿಯ ಮೈವಾಸನೆ ಬದಲಾದುದನ್ನು ಆಕೆ ಗಮನಿಸಿದ್ದರು. ಮುಂದೆ ಇತರ ರೋಗಿಗಳಲ್ಲಿಯೂ ಅದೇ ವಾಸನೆಯನ್ನು ಗುರುತಿಸಿ, ಎಡಿನ್‌ಬರೋ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಮುಂದೆ ಈ ಪ್ರಶ್ನೆಯನ್ನಿಟ್ಟರು. ಮೊದಲು ಯಾರಿಗೂ ಅದರ ಮಹತ್ವ ತಿಳಿಯಲಿಲ್ಲ. ಪರೀಕ್ಷೆಗಳು ನಡೆದು, ರೋಗಿಗಳ ಚರ್ಮದ ಜಿಡ್ಡಿನಲ್ಲಿ ವಾಸನೆಗೆ ಕಾರಣವಾಗುವ ಕೆಲವು ವಸ್ತುಗಳ ವ್ಯತ್ಯಾಸವಿದೆಯೆಂಬುದು ೨೦೧೯ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಗೆ ಹೊಳೆಯದ ಪ್ರಶ್ನೆ ಮನೆಯೊಳಗೆ ಹುಟ್ಟಿತ್ತು.

ಎರಡನೆಯದು ಇಂಗ್ಲೆಂಡಿನದು. ಮುಂದಿನ ಸಂಶೋಧನೆ ಯಾವುದರ ಮೇಲೆ ನಡೆಯಬೇಕೆಂಬುದನ್ನು ರೋಗಿಗಳು, ಅವರ ಆರೈಕೆ ಮಾಡುವವರು, ವೈದ್ಯರು ಇವರೆಲ್ಲರೂ ಒಟ್ಟಿಗೆ ಕುಳಿತು ನಿರ್ಣಯಿಸಿ, ಅದನ್ನು ೨೦೧೪ರಲ್ಲಿ ಪ್ರಕಟಿಸಿದರು. ಅವರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದದ್ದು ಕೈನಡುಕವಲ್ಲ, ಸಮತೋಲ ತಪ್ಪಿ ಬೀಳುವುದನ್ನು ತಡೆಯುವುದು ಹೇಗೆಂಬ ಪ್ರಶ್ನೆ. ಅದರ ನಂತರ ಬಂದುದು ಮನಸ್ಸಿನ ಒತ್ತಡ, ಆತಂಕಗಳ ವಿಚಾರ. ನೋಡುವವರಿಗೆ ನಡುಕವೇ ರೋಗ. ಅನುಭವಿಸುವವರಿಗೆ ರೋಗವೆಂದರೆ ಸ್ನಾನದ ಮನೆಯಲ್ಲಿ ಬೀಳುವ ಭಯ. ಸಂಶೋಧನೆ ಯಾರ ಪ್ರಶ್ನೆಯನ್ನು ಉತ್ತರಿಸುತ್ತದೆಯೆಂಬುದು ಪ್ರಶ್ನೆ ಕೇಳಿದವರು ಯಾರೆಂಬುದನ್ನು ಅವಲಂಬಿಸಿದೆ.

ಆದುದರಿಂದ ರೋಗಿಯ ಸಹಭಾಗಿತ್ವಕ್ಕೆ ಮೂರು ಮೆಟ್ಟಲುಗಳಿವೆಯೆನ್ನಬಹುದು: ವಿವರವನ್ನು ಕೊಡುವುದು, ತನ್ನ ವಿವರವನ್ನು ತಾನೇ ದಾಖಲಿಸುವುದು, ಯಾವ ವಿವರ ಬೇಕೆಂಬುದನ್ನು ನಿರ್ಣಯಿಸುವಲ್ಲಿ ಪಾಲುಗೊಳ್ಳುವುದು. ನಮ್ಮ ದೇಶದಲ್ಲಿ ಹೆಚ್ಚಿನ ರೋಗಿಗಳು ಇನ್ನೂ ಮೊದಲ ಮೆಟ್ಟಲಿನ ಮೇಲಿದ್ದಾರೆ.

೫

ಇನ್ನು ನಂಬಿಕೆಯ ಪ್ರಶ್ನೆ. ಸಾರ್ವಜನಿಕ ಬ್ಯಾಂಕಿಗೆ ಸೇರುವವನು ನಿಷ್ಠೆ ಮತ್ತು ಗೋಪ್ಯತೆಯ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು. ೧೯೭೦ರ ಬ್ಯಾಂಕುಗಳ ರಾಷ್ಟ್ರೀಕರಣದ ಕಾಯಿದೆಯ ೧೩ನೆಯ ವಿಧಿಯೂ ಗ್ರಾಹಕರ ವ್ಯವಹಾರವನ್ನು ಗುಟ್ಟಾಗಿಡುವ ಕರ್ತವ್ಯವನ್ನು ವಿಧಿಸಿದೆ. ಇದರ ಹಿಂದೆ ೧೯೨೪ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವು ಟೂರ್ನಿಯರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿದೆ. ಗ್ರಾಹಕನ ವಿಷಯವನ್ನು ಹೊರಗೆಡಹಲು ಬ್ಯಾಂಕಿಗೆ ನಾಲ್ಕೇ ಕಾರಣಗಳುಂಟು: ಕಾನೂನಿನ ಬಲವಂತ, ಸಮಾಜದ ಹಿತದ ಕರ್ತವ್ಯ, ಬ್ಯಾಂಕಿನ ಸ್ವಂತ ಹಕ್ಕಿನ ರಕ್ಷಣೆ ಮತ್ತು ಗ್ರಾಹಕನ ಒಪ್ಪಿಗೆ.

ಬ್ಯಾಂಕು ಠೇವಣಿಯ ಹಣವನ್ನು ಪೆಟ್ಟಿಗೆಯಲ್ಲಿ ಸುಮ್ಮನೆ ಇಡುವುದಿಲ್ಲ, ತೊಡಗಿಸುತ್ತದೆ, ದುಡಿಸುತ್ತದೆ. ಅದರಿಂದ ಸಮಾಜಕ್ಕೆ ಪ್ರಯೋಜನವಿದೆ. ಆದರೆ ಠೇವಣಿ ಎಂದಿಗೂ ದಾನವಲ್ಲ. ಇಟ್ಟವನಿಗೆ ರಶೀದಿಯುಂಟು, ಲೆಕ್ಕ ಕೇಳುವ ಹಕ್ಕುಂಟು, ಹಿಂತೆಗೆಯುವ ಹಕ್ಕುಂಟು, ಬಡ್ಡಿಯುಂಟು. ರೋಗಿ ಕೊಡುವ ದತ್ತಾಂಶವನ್ನೂ ನಾವು ಹೀಗೆಯೇ ಕಾಣಬೇಕೆಂಬುದು ನನ್ನ ವಾದ. ಅದು ಸಂಶೋಧಕನಿಗೆ ಸಿಕ್ಕ ಅದೃಷ್ಟದ ವಸ್ತುವೂ ಅಲ್ಲ, ಕೊಟ್ಟು ಮರೆಯುವ ದಾನವೂ ಅಲ್ಲ. ಅದು ನಂಬಿಕೆಯ ಮೇಲೆ ಇಟ್ಟ ಠೇವಣಿ.

ನಮ್ಮ ನಿಯಮಗಳೂ ಈ ದಿಕ್ಕಿನಲ್ಲಿಯೇ ಸಾಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೧೭ರ ನೈತಿಕ ಮಾರ್ಗಸೂಚಿಯು, ಭಂಡಾರದಲ್ಲಿಟ್ಟ ಮಾದರಿಗೂ ಅದರ ದತ್ತಾಂಶಕ್ಕೂ ಕೊಟ್ಟವರೇ ಒಡೆಯರೆಂದೂ, ಸಂಸ್ಥೆ ಅದರ ಪಾಲಕನೆಂದೂ ಹೇಳುತ್ತದೆ. ಸಮ್ಮತಿಯನ್ನು ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಪಡೆಯಬೇಕೆಂದೂ, ಓದಲು ಬಾರದವರ ಬಳಿ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರಿರಬೇಕೆಂದೂ ಅದರಲ್ಲಿದೆ. ಅದೇ ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರೆಲ್ಲ ಬಲ್ಲ ವಿಷಯ. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ನಿಗದಿಯಾದ ಮಾನದಂಡಗಳಿಗೆ ಒಳಪಟ್ಟು, ಯಾವ ಒಬ್ಬ ವ್ಯಕ್ತಿಯ ಬಗೆಗೂ ನಿರ್ಣಯ ಕೈಗೊಳ್ಳಲು ಬಳಸದಿದ್ದಲ್ಲಿ, ಸಂಶೋಧನೆಗೆ ಆ ಕಾಯಿದೆಯು ವಿನಾಯಿತಿ ಕೊಡುತ್ತದೆ. ಆದುದರಿಂದ ಸಂಶೋಧನೆಯಲ್ಲಿ ರೋಗಿಯ ರಕ್ಷಣೆಯ ಭಾರ ಬಹುಪಾಲು ನೈತಿಕ ಸಮಿತಿಗಳ ಮೇಲೆಯೂ, ನಾವು ಸಹಿ ಹಾಕುವ ಸಮ್ಮತಿಪತ್ರದ ಮೇಲೆಯೂ ಬೀಳುತ್ತದೆ.

ಠೇವಣಿಯ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆಂಬುದನ್ನೂ ಒಪ್ಪಬೇಕು. ಮೊದಲನೆಯದಾಗಿ, ಕಳುವಾದ ಹಣವನ್ನು ಬ್ಯಾಂಕು ತುಂಬಿಕೊಡಬಹುದು. ಹೊರಬಿದ್ದ ಗುಟ್ಟನ್ನು ಯಾರೂ ತುಂಬಿಕೊಡಲಾರರು. ೨೦೨೨ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳ ಮೇಲೆ ದಾಳಿ ನಡೆದು, ಅನೇಕ ದಿನಗಳವರೆಗೆ ಕೆಲಸವೆಲ್ಲ ಕೈಬರಹದಲ್ಲಿ ನಡೆಯಬೇಕಾಯಿತು. ದೇಶದ ಅಗ್ರಗಣ್ಯ ಆಸ್ಪತ್ರೆಗೂ ಈ ಅಪಾಯ ತಪ್ಪಲಿಲ್ಲವೆಂಬುದು ಎಲ್ಲರಿಗೂ ಪಾಠ. ಎರಡನೆಯದಾಗಿ, ನನ್ನ ಖಾತೆಯ ಹಣ ನನ್ನದೊಬ್ಬನದೆ. ನನ್ನ ವಂಶವಾಹಿ ನನ್ನೊಬ್ಬನದಲ್ಲ. ಅದರಲ್ಲಿ ನನ್ನ ತಂಗಿಯ, ಮಗಳ, ಇನ್ನೂ ಹುಟ್ಟದ ಮೊಮ್ಮಗನ ವಿವರವೂ ಇದೆ. ಸಹಿ ಒಬ್ಬರದು, ಪರಿಣಾಮ ಮನೆತನದ್ದು. ಮೂರನೆಯದಾಗಿ, ಹೆಸರನ್ನು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಮಯೂರ್ ವಿಹಾರದ ಒಂದು ವಸತಿ ಸಂಘದಲ್ಲಿ ಕನ್ನಡ ಮನೆಗಳು ಬೆರಳೆಣಿಕೆಯಷ್ಟಿದ್ದಾವು. 'ಮಾತೃಭಾಷೆ ಕನ್ನಡ, ವಯಸ್ಸು ಐವತ್ತೆರಡು, ಶಾಲಾ ಉಪಾಧ್ಯಾಯಿನಿ' ಎಂಬ ಮೂರು ನಮೂದುಗಳಿದ್ದರೆ ಸಾಕು, ಆಕೆ ಯಾರೆಂಬುದನ್ನು ನೆರೆಹೊರೆಯವರು ಹೇಳಿಯಾರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದರೆ, ಉದ್ಯೋಗದಲ್ಲಿ ಇನ್ನೂ ಹಲವು ವರ್ಷ ಉಳಿದಿದ್ದರೆ, ಆ ಮಾತಿನ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. ಸಣ್ಣ ಸಮುದಾಯದವರ ದತ್ತಾಂಶಕ್ಕೆ ದೊಡ್ಡ ಸಮುದಾಯದವರದಕ್ಕಿಂತ ಹೆಚ್ಚಿನ ಕಾವಲು ಬೇಕು.

೬

ಈಗ ನಮ್ಮ ವಿಶೇಷ ಸಮಸ್ಯೆಗೆ ಬರೋಣ. ಅದು ಭಾಷೆಯದು.

ಊರಿನಿಂದ ಬಂದ ಹಿರಿಯರೊಬ್ಬರು ದೆಹಲಿಯ ವೈದ್ಯರ ಮುಂದೆ "ಕಾಲು ಹಿಡಿದುಕೊಳ್ಳುತ್ತದೆ" ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ಜೊತೆಗಿರುವ ಮಗ ಅದನ್ನು ಹಿಂದಿಯಲ್ಲಿ 'ಪೈರ್ ಮೇ ದರ್ದ್' ಎಂದು ಹೇಳಿಬಿಡುತ್ತಾನೆ. ಕಡತದಲ್ಲಿ ಕಾಲುನೋವೆಂದು ದಾಖಲಾಗುತ್ತದೆ. ಆದರೆ ಆ ಕನ್ನಡ ಮಾತಿಗೆ ಮೂರು ಅರ್ಥಗಳಿರಬಹುದು. ಬೆಳಗಿನ ಜಾವ, ಮಾತ್ರೆಯ ಪ್ರಭಾವ ಇಳಿದಾಗ, ಪಾದ ಸೊಟ್ಟಗೆ ತಿರುಚಿಕೊಂಡು ಸೆಳೆಯುವುದು ಒಂದು. ದಿನವೆಲ್ಲ ಸ್ನಾಯುಗಳು ಬಿಗಿದಿರುವುದು ಇನ್ನೊಂದು. ಬಾಗಿಲನ್ನೋ ಮೆಟ್ರೋ ರೈಲಿನ ಹೊಸ್ತಿಲನ್ನೋ ದಾಟುವಾಗ ಪಾದ ನೆಲಕ್ಕೆ ಅಂಟಿದಂತಾಗಿ ಹೆಜ್ಜೆಯೇ ಏಳದಿರುವುದು ಮೂರನೆಯದು. ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಮೂರನೆಯದು ಬೀಳುವಿಕೆಗೆ ನೇರವಾದ ದಾರಿ. ಕಡತದಲ್ಲಿ ಉಳಿದದ್ದು ಮಾತ್ರ ನೋವು, ಒಂದು ನೋವುಗುಳಿಗೆ. ಮುಂದೆ ಸಂಶೋಧಕರು ಅಂತಹ ಸಾವಿರ ಕಡತಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ ಈ ತಪ್ಪು ತಪ್ಪಾಗಿಯೇ ಅದರೊಳಗೆ ಸೇರುತ್ತದೆ. ಭಾಷಾಂತರದಲ್ಲಿ ಕಳೆದುದು ಶಾಸ್ತ್ರದಲ್ಲಿಯೂ ಕಳೆಯುತ್ತದೆ.

ನೆನಪು, ಬುದ್ಧಿಶಕ್ತಿಗಳ ಪರೀಕ್ಷೆಯಲ್ಲಿ ಇದು ಇನ್ನೂ ಗಂಭೀರ. ಜೀವನವೆಲ್ಲ ಕನ್ನಡದಲ್ಲಿ ಪಾಠ ಹೇಳಿದವರನ್ನು ಹಿಂದಿಯ ಪದಪಟ್ಟಿಯಿಂದ ಪರೀಕ್ಷಿಸಿದರೆ ಬರುವ ಅಂಕ ಅವರ ಬುದ್ಧಿಯ ಅಳತೆಯಲ್ಲ, ಹಿಂದಿಯ ಅಳತೆ. ಧ್ವನಿಯ ವಿಚಾರವೂ ಅಷ್ಟೆ. ಈ ರೋಗದಲ್ಲಿ ದನಿ ತಗ್ಗಿ ಉಚ್ಚಾರಣೆ ಮಸುಕಾಗುವುದರಿಂದ, ಮಾತಿನ ಧ್ವನಿಮುದ್ರಣದಿಂದ ರೋಗವನ್ನು ಗುರುತಿಸುವ ಪ್ರಯತ್ನ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ನಿಮ್ಹಾನ್ಸೂ ಕೂಡಿ ಭಾರತೀಯ ಭಾಷೆಗಳಲ್ಲಿ ಇಂತಹ ಅಧ್ಯಯನ ಮಾಡುತ್ತಿರುವುದು ಸ್ತುತ್ಯ. ಕನ್ನಡಿಗರ ದನಿ ಸೇರದಿದ್ದರೆ ಯಂತ್ರವು ಕನ್ನಡದ ದನಿಯನ್ನು ಕಲಿಯುವುದಾದರೂ ಎಲ್ಲಿಂದ?

ಕೈಬರಹದ ವಿಷಯದಲ್ಲಿ ಬ್ಯಾಂಕಿನವರು ಸಾಕ್ಷಿ ನುಡಿಯಬಹುದು. ವೃದ್ಧ ಗ್ರಾಹಕರ ಸಹಿ ಮಾದರಿಯೊಡನೆ ಹೊಂದುವುದಿಲ್ಲವೆಂದು ಚೆಕ್ಕು ಹಿಂದಿರುಗುವುದು ಸಾಮಾನ್ಯ. ಸಹಿಯ ಮೊದಲ ಅಕ್ಷರ ಸರಿಯಾಗಿದ್ದು, ಮುಂದೆ ಮುಂದೆ ಒತ್ತಕ್ಷರ ಕೊಂಬುಗಳೆಲ್ಲ ಕಿರಿದಾಗುತ್ತ ಒಂದು ಗೆರೆಯಲ್ಲಿ ಕರಗಿಹೋಗಿದ್ದರೆ, ಅದು ಅಜಾಗರೂಕತೆಯಲ್ಲ, ಕಂಪವಾತದ ಮುನ್ಸೂಚನೆಯಾಗಿರಬಹುದು. ಇಪ್ಪತ್ತು ವರ್ಷಗಳ ಸಹಿಗಳನ್ನು ಸಾಲಾಗಿ ಇಟ್ಟರೆ ಅದೇ ಒಂದು ಆರೋಗ್ಯದಾಖಲೆ. ಆದರೆ ಬ್ಯಾಂಕಿಗೆ ಅದನ್ನು ಆ ದೃಷ್ಟಿಯಿಂದ ನೋಡುವ ಅಧಿಕಾರವಿಲ್ಲ, ಇರಲೂ ಕೂಡದು. ಗ್ರಾಹಕರು ಸಹಿ ಕೊಟ್ಟದ್ದು ಹಣಕ್ಕಾಗಿ. ಒಂದು ಉದ್ದೇಶಕ್ಕೆ ಕೊಟ್ಟುದನ್ನು ಕೇಳದೆ ಇನ್ನೊಂದು ಉದ್ದೇಶಕ್ಕೆ ಬೳಸಬಾರದೆಂಬ ತತ್ತ್ವಕ್ಕೆ ಇದಕ್ಕಿಂತ ಸುಲಭವಾದ ಉದಾಹರಣೆ ನನಗೆ ತೋರದು. ಅದೇ ಹಿರಿಯರು ತಮ್ಮ ಹಳೆಯ ಕಾಗದ ಪತ್ರಗಳನ್ನು ತಾವಾಗಿಯೇ ವೈದ್ಯರಿಗೆ ತೋರಿಸಿದರೆ ಅದು ಉಚಿತ, ಉಪಯುಕ್ತ.

೭

ಹಾಗಾದರೆ ನಾವು ಮಾಡಬಹುದಾದುದೇನು?

ಮನೆಯಲ್ಲಿ ಈ ರೋಗವುಳ್ಳವರಿದ್ದರೆ ಒಂದು ಟಿಪ್ಪಣಿಪುಸ್ತಕವನ್ನಿಡುವುದು ಮೊದಲ ಕೆಲಸ. ಮಾತ್ರೆ ತೆಗೆದುಕೊಂಡ ಹೊತ್ತು, ಊಟದ ಹೊತ್ತು, ಮೈ ಹಗುರಾದ ಹೊತ್ತು, ಬಿಗಿದ ಹೊತ್ತು, ಬಿದ್ದ ಸ್ಥಳ, ಇವನ್ನು ಅವರ ಮಾತಿನಲ್ಲಿಯೇ, ಕನ್ನಡದಲ್ಲಿಯೇ ಬರೆದಿಡಬೇಕು. ಅನುವಾದ ಆಮೇಲೆ. ಆಸ್ಪತ್ರೆಯ ಮಾತ್ರೆಯ ಜೊತೆಗೆ ಊರಿನಿಂದ ತರಿಸಿದ ನಸುಗುನ್ನಿ ಪುಡಿಯನ್ನು ಸೇವಿಸುತ್ತಿದ್ದರೆ ಅದನ್ನೂ ಬರೆಯಬೇಕು, ವೈದ್ಯರಿಗೆ ಹೇಳಬೇಕು. ಅದರಲ್ಲಿರುವುದೂ ಲೆವೊಡೋಪಾವೇ, ಮುಚ್ಚಿಟ್ಟರೆ ವೈದ್ಯರ ಲೆಕ್ಕವೂ ತಪ್ಪುತ್ತದೆ, ಸಂಶೋಧಕರ ಲೆಕ್ಕವೂ ತಪ್ಪುತ್ತದೆ.

ಎರಡನೆಯದು, ಸಂಶೋಧನೆಗೆ ಸೇರುವಂತೆ ಕೇಳಿಕೆ ಬಂದಾಗ ಸಹಿಗೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುವುದು. ಈ ದತ್ತಾಂಶವನ್ನು ಯಾರು ಇಟ್ಟುಕೊಳ್ಳುವರು? ಎಷ್ಟು ಕಾಲ? ಬೇರೆ ಸಂಸ್ಥೆಗೆ, ಬೇರೆ ದೇಶಕ್ಕೆ, ಔಷಧ ಕಂಪನಿಗೆ ಹೋಗುವುದೆ? ಮುಂದೆ ಬೇಡವೆನಿಸಿದರೆ ಹಿಂತೆಗೆಯಬಹುದೆ, ಯಾವ ಹಂತದವರೆಗೆ? ವಂಶಕ್ಕೆ ಸಂಬಂಧಿಸಿದ ಅಪಾಯ ಕಂಡುಬಂದರೆ ಯಾರಿಗೆ ತಿಳಿಸುವರು? ಅಧ್ಯಯನದ ಫಲಿತಾಂಶವನ್ನು ನಮಗೆ ತಿಳಿಸುವರೆ? ಔಷಧದ ಪ್ರಯೋಗವಾಗಿದ್ದರೆ ಅದು ಭಾರತದ ಚಿಕಿತ್ಸಾಪ್ರಯೋಗಗಳ ನೋಂದಣಿಯಲ್ಲಿ ದಾಖಲಾಗಿದೆಯೆ? ೨೦೦೭ರಲ್ಲಿ ಆರಂಭವಾದ ಆ ನೋಂದಣಿಯನ್ನು ಯಾರು ಬೇಕಾದರೂ ನೋಡಬಹುದು. ಕೊನೆಯ ಪ್ರಶ್ನೆ ಪ್ರಯೋಗ ಮುಗಿದ ಮೇಲಿನದು: ಔಷಧದಿಂದ ಗುಣ ಕಂಡವರಿಗೆ ಅದು ಮುಂದೆಯೂ ದೊರೆಯುವುದೆ? ೨೦೦೪ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯು, ಗುಣ ಸಾಬೀತಾಗಲಿಲ್ಲ, ಅಪಾಯದ ಶಂಕೆಯಿದೆ ಎಂಬ ಕಾರಣದಿಂದ ಕಂಪವಾತದ ಒಂದು ಪ್ರಯೋಗೌಷಧವನ್ನು ನಿಲ್ಲಿಸಿತು. ತಮಗೆ ಗುಣವಾಗಿದೆಯೆಂದ ಕೆಲವು ರೋಗಿಗಳು ನ್ಯಾಯಾಲಯಕ್ಕೆ ಹೋದರೂ ಔಷಧ ಮತ್ತೆ ದೊರೆಯಲಿಲ್ಲ. ಮೊದಲೇ ಕೇಳಿ ಬರೆಯಿಸಿಕೊಳ್ಳದ ಹಕ್ಕನ್ನು ಆಮೇಲೆ ಪಡೆಯುವುದು ಕಷ್ಟ.

ಮೂರನೆಯದು ಸಂಘಗಳ ಕೆಲಸ. ನಾವು ಹಬ್ಬಗಳನ್ನು ಆಚರಿಸುತ್ತೇವೆ, ನಾಟಕಗಳನ್ನಾಡಿಸುತ್ತೇವೆ, ಗ್ರಂಥಗಳನ್ನು ಪ್ರಕಟಿಸುತ್ತೇವೆ. ಇವು ಬೇಕಾದುವೆ. ಇವುಗಳ ಜೊತೆಗೆ, ಆಸ್ಪತ್ರೆಯಲ್ಲಿ ಕನ್ನಡವೊಂದನ್ನೇ ಬಲ್ಲ ಹಿರಿಯರ ಪಕ್ಕದಲ್ಲಿ ದುಭಾಷಿಗಳಾಗಿಯೂ, ಸಮ್ಮತಿಪತ್ರವನ್ನು ಓದಿ ಹೇಳುವ ನಿಷ್ಪಕ್ಷಪಾತ ಸಾಕ್ಷಿಗಳಾಗಿಯೂ ನಿಲ್ಲಬಲ್ಲ ಹತ್ತು ಮಂದಿ ಸ್ವಯಂಸೇವಕರ ಪಟ್ಟಿಯನ್ನು ಸಂಘಗಳು ಸಿದ್ಧಪಡಿಸಲಾರವೆ? ಮಗನೋ ಸೊಸೆಯೋ ಮಾಡುವ ಅನುವಾದದಲ್ಲಿ ಸಂಕೋಚಕ್ಕೆ ಎಡೆಯುಂಟು. ಮಲಬದ್ಧತೆ, ಮೂತ್ರದ ತೊಂದರೆ, ರಾತ್ರಿಯ ಭ್ರಮೆ ಇವುಗಳನ್ನು ತಂದೆ ಮಗನ ಮೂಲಕ ಹೇಳಿಸಲು ಹಿಂಜರಿಯುವುದು ಸಹಜ. ಅದೇ ವಯಸ್ಸಿನ ಕನ್ನಡಿಗರೊಬ್ಬರು ಪಕ್ಕದಲ್ಲಿದ್ದರೆ ಮಾತು ಸಲೀಸಾದೀತು. ರೋಗದ ಲಕ್ಷಣಗಳನ್ನು ಹೇಳುವ ಕನ್ನಡ ಮಾತುಗಳನ್ನು, ಧಾರವಾಡ, ಮಂಗಳೂರು, ಮೈಸೂರು ಕಡೆಗಳ ಪ್ರಯೋಗಗಳೊಡನೆ ಸಂಗ್ರಹಿಸಿ, ಪ್ರತಿಯೊಂದರ ಅರ್ಥವನ್ನು ಹಿಂದಿ ಇಂಗ್ಲಿಷುಗಳಲ್ಲಿ ವಿವರಿಸಿದ ಕೈಪಿಡಿಯೊಂದನ್ನು ತಯಾರಿಸಬಹುದು. ನಿಘಂಟುಗಳ ಕೆಲಸದಲ್ಲಿ ಕನ್ನಡಿಗರಿಗೆ ಹಿರಿದಾದ ಪರಂಪರೆಯಿದೆ. ಈ ಕಿರುನಿಘಂಟು ಆ ಪರಂಪರೆಗೆ ಹೊರತಾದುದಲ್ಲ.

ಪಾರ್ಕಿನ್‌ಸನ್ ದೂರದಿಂದ ಕಂಡ ಮನುಷ್ಯನನ್ನು ಯಾರೂ ಮಾತನಾಡಿಸಲಿಲ್ಲ. ಇಂದು ಮಾತನಾಡಿಸುವವರಿದ್ದಾರೆ, ಕೇಳುವ ನಿಯಮಗಳೂ ಇವೆ. ಉತ್ತರವು ರೋಗಿಯ ಬಾಯಿಂದ ಬಂದಂತೆಯೇ ಕಡತವನ್ನು ಮುಟ್ಟುವಂತೆ ನೋಡಿಕೊಳ್ಳುವುದು, ಇಟ್ಟ ಠೇವಣಿಗೆ ಲೆಕ್ಕ ಕೇಳುವುದು, ಇವೆರಡು ಕೆಲಸಗಳು ನಮ್ಮ ಪಾಲಿಗೆ ಉಳಿದಿವೆ.